ಓಟವಿದೆ, ಸೈಕಲ್ ಇದೆ. ಈಜು ಕಲಿಸುವವರು ಯಾರು?

ವಾರ್ಷಿಕ ಪರೀಕ್ಷೆ ಮುಗಿದ ಮರುದಿನ ವಾಗದರಿ ಸುತ್ತಮುತ್ತಲಿನ ಯಾವ ಹಳ್ಳಿಗೆ ಹೋದರೂ ಮುಂಜಾನೆ ಹತ್ತರ ಹೊತ್ತಿಗೆ ಕೇಳಿಬರುವ ಮಾತು ಒಂದೇ.

'ಎಲ್ಲಿಗಿ ಹೊಂಟಿ?'

'ಎಲ್ಲೂ ಇಲ್ಲವ್ವಾ, ಇಲ್ಲೇ ಗುಡಿ ಕಡೆ.'

'ಬಾವಿ ಕಡೆ ಹ್ವಾದ್ರ ಕಾಲ ಮುರೀತೀನಿ ನೋಡು.'

ಅವ್ವನ ಮಾತು ಮುಗಿಯುವಷ್ಟರಲ್ಲಿ ಮಗ ಸೈಕಲ್ ಏರಿ ಓಣಿ ದಾಟಿರುತ್ತಾನೆ. ಮಧ್ಯಾಹ್ನ ಊಟಕ್ಕೆ ಬಂದಾಗ ಕೂದಲು ಒಣಗಿರುತ್ತದೆ, ಅಂಗಿಯೂ ಒಣಗಿರುತ್ತದೆ. ಆದರೆ ಕಣ್ಣು ಕೆಂಪಾಗಿರುತ್ತವೆ. ಅವ್ವ ಕೈ ಹಿಡಿದು ಉಗುರಿನಿಂದ ಒಮ್ಮೆ ಗೀರುತ್ತಾಳೆ. ಬಿಳಿ ಗೆರೆ ಮೂಡಿತೆಂದರೆ ಮುಗಿಯಿತು, ಕಳ್ಳ ಸಿಕ್ಕಿಬಿದ್ದ. ಈ ಪರೀಕ್ಷೆಯಲ್ಲಿ ಗಡಿ ಭಾಗದ ಯಾವ ಹುಡುಗನೂ ಪಾಸಾಗಿಲ್ಲ.

ಮನೆಯಿಂದ ಬಾವಿಗೆ ಸೈಕಲ್ ತುಳಿದ, ಬಾವಿಯಲ್ಲಿ ಈಜಿದ, ಹೊಲದವರು ಬೈದಾಗ ಬದುವಿನ ಮೇಲೆ ಓಡಿದ. ಈಜು, ಸೈಕಲ್, ಓಟ ಈ ಮೂರನ್ನೂ ಒಂದರ ಹಿಂದೆ ಒಂದು ನಡುವೆ ನಿಲ್ಲದೆ ಮಾಡಿ ಮುಗಿಸುವ ಸ್ಪರ್ಧೆಗೆ ಟ್ರಯಥ್ಲಾನ್ ಎನ್ನುತ್ತಾರೆ. 2000ದ ಸಿಡ್ನಿ ಒಲಿಂಪಿಕ್ಸ್‌ನಿಂದ ಅದು ಒಲಿಂಪಿಕ್ ಆಟ. ನಮ್ಮ ರಾಷ್ಟ್ರೀಯ ಕ್ರೀಡಾಕೂಟದಲ್ಲೂ ಅದಕ್ಕೆ ಜಾಗ ಇದೆ. ಪಟ್ಟಣಗಳಲ್ಲಿ ಮಕ್ಕಳಿಗಾಗಿಯೇ ಚಿಕ್ಕ ಅಂತರದ ಟ್ರಯಥ್ಲಾನ್ ನಡೆಸುವ ರೂಢಿ ಬೆಳೆಯುತ್ತಿದೆ. ಅಕ್ಕಲಕೋಟ ತಾಲೂಕಿನ ಕನ್ನಡ ಶಾಲೆಯ ಮಗು ತನ್ನ ಮೊದಲ ಟ್ರಯಥ್ಲಾನ್‌ನಲ್ಲಿ ಪಾಲ್ಗೊಳ್ಳಲು ಆಗದೇನು? ಆಗುತ್ತದೆ. ಆದರೆ ಅದಕ್ಕೆ ಮೊದಲು ಊರಿನ ಹಿರಿಯರು ಒಂದು ಕೆಲಸ ಮಾಡಬೇಕು. ಆ ಕೆಲಸಕ್ಕೂ ಪದಕಕ್ಕೂ ಸಂಬಂಧವಿಲ್ಲ. ಅದು ಮಕ್ಕಳ ಜೀವದ ಪ್ರಶ್ನೆ.

ದೊಡ್ಡವರ ಆಟವಲ್ಲ

ಟ್ರಯಥ್ಲಾನ್ ಎಂದ ಕೂಡಲೇ ಜನರಿಗೆ ನೆನಪಾಗುವುದು 'ಐರನ್‌ಮ್ಯಾನ್'. 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, ಅದರ ಮೇಲೆ 42.2 ಕಿ.ಮೀ. ಓಟ. 1978ರಲ್ಲಿ ಹವಾಯಿಯಲ್ಲಿ ಮೊದಲ ಬಾರಿ ನಡೆದಾಗ 15 ಮಂದಿ ಹೊರಟು 12 ಮಂದಿ ಮುಗಿಸಿದರು. ಇದರ ಅರ್ಧದಷ್ಟು ಅಂತರದ ಸ್ಪರ್ಧೆ 2019ರಲ್ಲಿ ಗೋವಾಕ್ಕೂ ಬಂತು. ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ 2024ರಲ್ಲಿ ಗೋವಾದ ಸ್ಪರ್ಧೆ ಮುಗಿಸಿದಾಗ ಎಲ್ಲ ಪತ್ರಿಕೆಗಳಲ್ಲೂ ಫೋಟೋ ಬಂತು. ಲಕ್ಷ ರೂಪಾಯಿಯ ಸೈಕಲ್, ಮೈಗಂಟಿದ ಉಡುಪು, ಕಪ್ಪು ಕನ್ನಡಕ. ಇದನ್ನು ನೋಡಿದ ಪಾಲಕರು 'ಇದು ಶ್ರೀಮಂತರ ಆಟ, ನಮಗ್ಯಾಕ' ಎಂದರೆ ತಪ್ಪೇನಿಲ್ಲ.

ಆದರೆ ಈ ಆಟ ಹುಟ್ಟಿದ್ದು ಹಾಗಲ್ಲ. 1974ರ ಸೆಪ್ಟೆಂಬರ್ 25ರಂದು ಅಮೆರಿಕದ ಸ್ಯಾನ್ ಡಿಯಾಗೊ ನಗರದ ಮಿಷನ್ ಬೇ ಎಂಬಲ್ಲಿ ಅಲ್ಲಿನ ಓಟಗಾರರ ಸಂಘದವರು ಕೆಲಸ ಮುಗಿಸಿ ಸಾಯಂಕಾಲ ಸೇರಿ ಮೊದಲ ಟ್ರಯಥ್ಲಾನ್ ನಡೆಸಿದರು. ಬಂದವರು 46 ಜನ. ದಿನವೂ ಅದೇ ಓಟ ಎಂದು ಬೇಸರ ಬಂದು, ಬದಲಾವಣೆಗಾಗಿ ಹುಡುಕಿಕೊಂಡ ಆಟ ಅದು. ಅಂದು ಓಟ ಮೊದಲಿತ್ತು, ಈಜು ಕೊನೆಗಿತ್ತು. ಕತ್ತಲಾದರೂ ಕೆಲವರು ಇನ್ನೂ ನೀರಿನಲ್ಲೇ ಇದ್ದರು. ಮುಂದೆ ಆಟ ಬೆಳೆದಂತೆ ಕ್ರಮ ಬದಲಾಯಿತು. ಈಜು ಮೊದಲು, ಆಮೇಲೆ ಸೈಕಲ್, ಕೊನೆಗೆ ಓಟ. ದಣಿದ ಮನುಷ್ಯ ನೀರಿಗೆ ಇಳಿಯಬಾರದು ಎಂಬುದು ಇದರ ಹಿಂದಿನ ವಿಚಾರ. ಓಡುವಾಗ ಸೋತರೆ ಕೂತುಕೊಳ್ಳಬಹುದು, ಸೈಕಲ್ ತುಳಿಯುವಾಗ ಸೋತರೆ ಇಳಿಯಬಹುದು. ನೀರಿನಲ್ಲಿ ಸೋತವನಿಗೆ ಕೂರಲು ಜಾಗವಿಲ್ಲ. ಗಡಿ ಭಾಗದ ಪಾಲಕರು ಈ ಒಂದು ಮಾತನ್ನು ನೆನಪಿಟ್ಟರೂ ಸಾಕು.

ಮಕ್ಕಳ ಟ್ರಯಥ್ಲಾನ್‌ನ ಲೆಕ್ಕವೇ ಬೇರೆ. ಬ್ರಿಟನ್‌ನ ಟ್ರಯಥ್ಲಾನ್ ಸಂಸ್ಥೆ ವಯಸ್ಸಿಗೆ ತಕ್ಕಂತೆ ಗರಿಷ್ಠ ಅಂತರ ಗೊತ್ತು ಮಾಡಿದೆ. 8 ವರ್ಷದ ಮಗುವಿಗೆ 50 ಮೀಟರ್ ಈಜು, 800 ಮೀಟರ್ ಸೈಕಲ್, 600 ಮೀಟರ್ ಓಟ. 9-10 ವರ್ಷದವರಿಗೆ 150 ಮೀಟರ್ ಈಜು, 2 ಕಿ.ಮೀ. ಸೈಕಲ್, 1.2 ಕಿ.ಮೀ. ಓಟ. 11-12 ವರ್ಷದವರಿಗೆ 200 ಮೀಟರ್, 4 ಕಿ.ಮೀ., 1.8 ಕಿ.ಮೀ. 13-14 ವರ್ಷದವರಿಗೆ 300 ಮೀಟರ್, 6 ಕಿ.ಮೀ., 2.4 ಕಿ.ಮೀ. ಇದಕ್ಕಿಂತ ಹೆಚ್ಚು ಓಡಿಸಬೇಡಿ, ತುಳಿಸಬೇಡಿ ಎಂಬುದು ಅಲ್ಲಿನ ನಿಯಮ. ಅಪ್ಪ ಎಷ್ಟೇ ಹುರುಪಿನಲ್ಲಿದ್ದರೂ ಹತ್ತು ವರ್ಷದ ಮಗನನ್ನು ಹತ್ತು ಕಿ.ಮೀ. ಓಡಿಸುವಂತಿಲ್ಲ. ದೊಡ್ಡ ಐರನ್‌ಮ್ಯಾನ್ ಸ್ಪರ್ಧೆಗೆ 18 ವರ್ಷ ತುಂಬದೆ ಹೆಸರು ಕೊಡಲಿಕ್ಕೇ ಬರುವುದಿಲ್ಲ.

ಈ ಅಂತರಗಳನ್ನು ಗಡಿಯ ಹಳ್ಳಿಗೆ ಹೋಲಿಸಿ ನೋಡಬೇಕು. ತೋಟದ ವಸ್ತಿಯಿಂದ ಶಾಲೆಗೆ ಬರುವ ಎಂಟನೇ ತರಗತಿಯ ಹುಡುಗಿ ದಿನವೂ ನಾಲ್ಕೈದು ಕಿ.ಮೀ. ಸೈಕಲ್ ತುಳಿಯುತ್ತಾಳೆ. ಬಸ್ ತಪ್ಪಿತೆಂದು ಓಡುವ ಹುಡುಗ ಒಂದು ಕಿ.ಮೀ. ಓಟವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಮೂರರಲ್ಲಿ ಎರಡು ಪಾಲು ಈಗಾಗಲೇ ಕೈಯಲ್ಲಿದೆ.

ಓಟಕ್ಕೆ ಬರ ಇಲ್ಲ

ಮೊದಲು ಓಟದ ಮಾತು. ಬೆಳಗಿನ ಐದು ಗಂಟೆಗೆ ಈ ಭಾಗದ ರಸ್ತೆಗಳಲ್ಲಿ ಹೋದವರು ನೋಡಿಯೇ ಇರುತ್ತಾರೆ. ಪೊಲೀಸ್ ಭರತಿ, ಸೈನ್ಯ ಭರತಿಗಾಗಿ ಹುಡುಗರು, ಈಚೆಗೆ ಹುಡುಗಿಯರು ಸಹ ಓಡುತ್ತಿರುತ್ತಾರೆ. ಮಹಾರಾಷ್ಟ್ರ ಪೊಲೀಸ್ ಭರತಿಯಲ್ಲಿ ಗಂಡುಮಕ್ಕಳಿಗೆ 1600 ಮೀಟರ್, ಹೆಣ್ಣುಮಕ್ಕಳಿಗೆ 800 ಮೀಟರ್ ಓಟ ಇದೆ. ಅವರನ್ನು ನೋಡಿ ತಮ್ಮಂದಿರು, ತಂಗಿಯರೂ ಹಿಂದೆ ಓಡುತ್ತಾರೆ. ಅವರಿಗೆ ಯಾರೂ ಕಲಿಸಿಲ್ಲ.

ಬೀಡ ಜಿಲ್ಲೆಯ ಆಷ್ಟಿ ತಾಲೂಕಿನ ಮಾಂಡವಾ ಎಂಬ ಬರದ ಹಳ್ಳಿಯ ಅವಿನಾಶ ಸಾಬಳೆ ಚಿಕ್ಕವರಿದ್ದಾಗ ಆರು ಕಿ.ಮೀ. ದೂರದ ಶಾಲೆಗೆ ನಡೆದು, ಓಡಿ ಹೋಗುತ್ತಿದ್ದರು. ಸೈನ್ಯ ಸೇರಿದ ಮೇಲೆ ಅವರಿಗೆ ತರಬೇತಿ ಸಿಕ್ಕಿತು. 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದ 3000 ಮೀಟರ್ ಸ್ಟೀಪಲ್‌ಚೇಸ್‌ನಲ್ಲಿ ಅವರು ಬೆಳ್ಳಿ ಗೆದ್ದರು. ಚಿನ್ನ ತಪ್ಪಿದ್ದು ಸೆಕೆಂಡಿನ ನೂರರಲ್ಲಿ ಐದು ಪಾಲಿನಿಂದ. 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನ ಫೈನಲ್‌ಗೂ ಓಡಿದರು. ಸೋಲಾಪುರ ಜಿಲ್ಲೆಯ ಹಳ್ಳಿಗಳ ಹಾಗೆಯೇ ಬಿಸಿಲು, ನೀರಿನ ಟಂಚಾಯಿ ಕಂಡ ಊರು ಅದು. ಶಾಲೆ ದೂರ ಇದೆ ಎಂಬುದು ಒಂದು ಕಷ್ಟವೇ. ಆದರೆ ಆ ದೂರವೇ ಮಕ್ಕಳ ಕಾಲಿಗೆ ಕಸುವು ಕೊಟ್ಟಿರುವುದೂ ನಿಜ.

ಸೈಕಲ್ಲಿಗೆ ಬೇಕು ಹೆಲ್ಮೆಟ್

ಇನ್ನು ಸೈಕಲ್. ಪಕ್ಕದ ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ಸೈಕ್ಲಿಂಗ್‌ನಲ್ಲಿ ದೇಶಕ್ಕೇ ಹೆಸರಾದವು. ಅಲ್ಲಿ ಜಾತ್ರೆ, ಉರುಸು ಬಂತೆಂದರೆ ಸೈಕಲ್ ಶರ್ಯತ್ತು ಇರಲೇಬೇಕು. ಕುಸ್ತಿಗೆ ಸೇರುವಷ್ಟೇ ಜನ ಅದಕ್ಕೂ ಸೇರುತ್ತಾರೆ. ಕರ್ನಾಟಕ ಸರಕಾರ ಅಲ್ಲಿ ಸೈಕ್ಲಿಂಗ್ ಕ್ರೀಡಾ ವಸತಿ ನಿಲಯ ನಡೆಸಿದ್ದರಿಂದ ಒಕ್ಕಲುತನದ ಮನೆಗಳ ಮಕ್ಕಳು ರಾಷ್ಟ್ರಮಟ್ಟದ ಪದಕ ತಂದರು. ಹೆಣ್ಣುಮಕ್ಕಳೂ ಹಿಂದೆ ಬೀಳಲಿಲ್ಲ. ಇಲ್ಲಿಂದ ನೂರಾರು ಕಿ.ಮೀ. ದೂರದ ಮಾತಲ್ಲ ಇದು. ಅದೇ ಎರೆ ಮಣ್ಣು, ಅದೇ ರೊಟ್ಟಿ, ಅದೇ ಭಾಷೆ. ನಡುವೆ ಇರುವುದು ಭೀಮಾ ನದಿ ಮತ್ತು ರಾಜ್ಯದ ಗಡಿ ಮಾತ್ರ.

ವಾಗದರಿಯ ಹೆಸರು ಕರ್ನಾಟಕದವರಿಗೂ ಹೊಸದಲ್ಲ. ಆಳಂದ, ಕಲಬುರಗಿ ಕಡೆ 'ವಾಗದರಿ-ರಿಬ್ಬನಪಲ್ಲಿ ರಾಜ್ಯ ಹೆದ್ದಾರಿ' ಎಂಬ ಹೆಸರಿನಲ್ಲಿ ಅದು ದಿನವೂ ಜನರ ಬಾಯಲ್ಲಿದೆ. ಊರು ಮಹಾರಾಷ್ಟ್ರದಲ್ಲಿ, ಊರಿನ ಹೆಸರಿನ ರಸ್ತೆ ಕರ್ನಾಟಕದಲ್ಲಿ. ಆದರೆ ಇಂಥ ರಸ್ತೆಯ ಮೇಲೆ ಮಕ್ಕಳು ಸೈಕಲ್ ತುಳಿಯುವುದು ಸುಲಭವಲ್ಲ. ಕಬ್ಬಿನ ಹಂಗಾಮು ಬಂತೆಂದರೆ ಎರಡು ಟ್ರಾಲಿ ಎಳೆದುಕೊಂಡು ಬರುವ ಟ್ರ್ಯಾಕ್ಟರುಗಳು ಅರ್ಧ ರಸ್ತೆ ನುಂಗುತ್ತವೆ. ಹಿಂದೆ ದೀಪ ಇರುವುದಿಲ್ಲ, ಮುಂದೆ ಹಾಡಿನ ಅಬ್ಬರದಲ್ಲಿ ಬೆಲ್ಲು ಕೇಳುವುದಿಲ್ಲ.

ಟ್ರಯಥ್ಲಾನ್‌ನ ನಿಯಮ ಇಲ್ಲಿ ಪಾಠವಾಗಬಲ್ಲದು. ಹೆಲ್ಮೆಟ್‌ನ ಪಟ್ಟಿ ಬಿಗಿಯದೆ ಸೈಕಲ್ಲಿಗೆ ಕೈ ಹಚ್ಚುವಂತಿಲ್ಲ. ಓಟಕ್ಕೆ ಹೊರಡುವ ಮುನ್ನ ಸೈಕಲ್ ಜಾಗಕ್ಕೆ ಇಟ್ಟ ಮೇಲೆಯೇ ಪಟ್ಟಿ ಬಿಚ್ಚಬೇಕು. ಎರಡೂ ಬ್ರೇಕ್ ಹಿಡಿಯಬೇಕು. ಗೆರೆ ಹಾಕಿದ ಜಾಗದಿಂದ ಮುಂದೆ ಮಾತ್ರ ಸೈಕಲ್ ಏರಬೇಕು. ಈ ಶಿಸ್ತು ಬಂದ ಮಗು ಶಾಲೆಯ ದಾರಿಯಲ್ಲೂ ಜೋಪಾನವಾಗಿರುತ್ತದೆ. ಸ್ಪರ್ಧೆಗೆ ಗೇರ್ ಸೈಕಲ್ ಬೇಕೆಂದೇನೂ ಇಲ್ಲ. ಅಣ್ಣನ ಹಳೇ ಸೈಕಲ್ಲೇ ಆದರೂ ಸಾಕು, ಬ್ರೇಕ್ ಗಟ್ಟಿ ಇರಬೇಕು, ಸೀಟು ಮಗುವಿನ ಎತ್ತರಕ್ಕೆ ಇಳಿಸಿರಬೇಕು. ಖರ್ಚು ಮಾಡುವುದಾದರೆ ಹೆಲ್ಮೆಟ್ಟಿಗೆ ಮಾಡಬೇಕು.

ಬಾವಿ ಹೋಯಿತು, ಶೇತತಳೆ ಬಂತು

ಉಳಿದದ್ದು ಈಜು. ತೊಡಕು ಇರುವುದೇ ಇಲ್ಲಿ.

ಒಂದು ಕಾಲಕ್ಕೆ ಈಜು ಕಲಿಸುವುದು ಮನೆತನದ ಕೆಲಸವಾಗಿತ್ತು. ಸೋದರಮಾವನೋ ಕಾಕಾನೋ ಹುಡುಗನ ಬೆನ್ನಿಗೆ ಬೆಂಡು ಕಟ್ಟಿ, ಇಲ್ಲವೇ ಒಣಗಿದ ಕುಂಬಳ ಬುರುಡೆ ಕಟ್ಟಿ, ನಡಕ್ಕೆ ಹಗ್ಗ ಬಿಗಿದು ಬಾವಿಗೆ ಇಳಿಸುತ್ತಿದ್ದ. ಹಗ್ಗದ ಇನ್ನೊಂದು ತುದಿ ಮೇಲೆ ನಿಂತವನ ಕೈಯಲ್ಲಿ ಇರುತ್ತಿತ್ತು. ದಿನ ಕಳೆದಂತೆ ಬೆಂಡು ಕಡಿಮೆ ಮಾಡುತ್ತ ಬರುತ್ತಿದ್ದರು. ಆ ಪದ್ಧತಿಯಲ್ಲಿ ಹೆಸರಾಂತ ಕೋಚ್ ಇರಲಿಲ್ಲ. ಆದರೆ ಹಗ್ಗ ಇತ್ತು, ಹಗ್ಗ ಹಿಡಿದ ಹಿರಿಯ ಇದ್ದ.

ಈಗ ಆ ಬಾವಿಗಳು ಬತ್ತಿವೆ, ಇಲ್ಲವೇ ಮುಚ್ಚಿವೆ. ಬೋರ್‌ವೆಲ್ ಕೊರೆಸಿದ ಮೇಲೆ ಮೆಟ್ಟಿಲು ಬಾವಿ ಯಾರಿಗೂ ಬೇಡ. ಕಾಕಾ ಪುಣೆಯಲ್ಲೋ ಸೋಲಾಪುರದಲ್ಲೋ ಕೆಲಸಕ್ಕಿದ್ದಾನೆ. ಅದರ ಬದಲಿಗೆ ಹೊಲಗಳಲ್ಲಿ ಶೇತತಳೆಗಳು ಬಂದಿವೆ. 2016ರಲ್ಲಿ ಮಹಾರಾಷ್ಟ್ರ ಸರಕಾರ ಕೇಳಿದವರಿಗೆಲ್ಲ ಶೇತತಳೆ ಕೊಡುವ ಯೋಜನೆ ತಂದಿತು. ಬರದ ನಾಡಿನ ರೈತನಿಗೆ ಅದರಿಂದ ಉಪಕಾರವಾಗಿದೆ, ಅದರಲ್ಲಿ ಎರಡು ಮಾತಿಲ್ಲ. ದ್ರಾಕ್ಷಿ, ದಾಳಿಂಬೆ ತೋಟಗಳು ಉಳಿದದ್ದೇ ಅದರಿಂದ. ಆದರೆ ನೀರು ಇಂಗದಿರಲೆಂದು ಅದರ ನಾಲ್ಕೂ ಕಡೆ ಇಳಿಜಾರಿಗೆ ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರೆ. ಒದ್ದೆಯಾದ ಆ ಹಾಳೆಯ ಮೇಲೆ ಪಾಚಿ ಕಟ್ಟಿದರೆ ಬೆಳೆದ ಗಂಡಸಿಗೂ ಹತ್ತಿ ಬರಲು ಆಗುವುದಿಲ್ಲ. ಬಾವಿಗೆ ಮೆಟ್ಟಿಲಿತ್ತು, ಕಲ್ಲಿನ ಸಂದಿ ಇತ್ತು, ಹಿಡಿಯಲು ಆಲದ ಬೇರಾದರೂ ಇತ್ತು. ಶೇತತಳೆಯಲ್ಲಿ ಹಿಡಿಯಲು ಏನೂ ಇಲ್ಲ. ಈಜು ಬಂದವನೂ ಅಲ್ಲಿ ಸುತ್ತಿ ಸುತ್ತಿ ಸೋಲುತ್ತಾನೆ.

ಬೋರಿ ನದಿಯ ಕುರನೂರ ಧರಣದ ಹಿನ್ನೀರು, ಬೋರಿ ಮೇಲಿನ ಬಂಧಾರೆಗಳು, ಭೀಮಾ ತೀರದ ಮರಳು ತೆಗೆದ ಗುಂಡಿಗಳು ಇವೆಲ್ಲ ಬೇಸಿಗೆಯಲ್ಲಿ ಹುಡುಗರನ್ನು ಕರೆಯುತ್ತವೆ. ಪ್ರತಿ ವರ್ಷ ಏಪ್ರಿಲ್, ಮೇ ಬಂತೆಂದರೆ ಗಡಿಯ ಈ ಕಡೆ ಆ ಕಡೆ ಎಲ್ಲಿಂದಲೋ ಒಂದು ಸುದ್ದಿ ಬರುತ್ತದೆ: ಈಜಲು ಹೋದ ಬಾಲಕ ನೀರುಪಾಲು. ಕೆಲವೊಮ್ಮೆ ಒಬ್ಬನಲ್ಲ, ಅವನನ್ನು ಉಳಿಸಲು ಹೋದ ಅಣ್ಣನೂ ಸೇರಿ ಇಬ್ಬರು. ಪತ್ರಿಕೆಯಲ್ಲಿ ಅದು ನಾಲ್ಕು ಸಾಲು. ಆ ಮನೆಗೆ ಅದು ಜನ್ಮವಿಡೀ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ನೀರಿನಲ್ಲಿ ಮುಳುಗಿ ಸತ್ತವರು ಸುಮಾರು 3 ಲಕ್ಷ. 5ರಿಂದ 14 ವರ್ಷದ ಮಕ್ಕಳ ಸಾವಿಗೆ ಇರುವ ಕಾರಣಗಳಲ್ಲಿ ಇದು ಮೂರನೆಯದು. ಶಾಲಾ ವಯಸ್ಸಿನ ಮಕ್ಕಳಿಗೆ ಮೂಲ ಈಜು, ನೀರಿನ ಎಚ್ಚರ, ಅಪಾಯವಿಲ್ಲದ ರಕ್ಷಣೆಯ ವಿಧಾನ ಕಲಿಸಬೇಕು ಎಂಬುದು ಆ ಸಂಸ್ಥೆಯ ಶಿಫಾರಸು. 2021ರಲ್ಲಿ ವಿಶ್ವಸಂಸ್ಥೆ ಜುಲೈ 25ನ್ನು ಮುಳುಗಡೆ ತಡೆ ದಿನವೆಂದು ಸಾರಿತು. ಶಾಲೆಗಳಲ್ಲಿ ಎಷ್ಟೋ ದಿನಾಚರಣೆಗಳು ನಡೆಯುತ್ತವೆ. ಈ ದಿನವನ್ನೂ ಒಂದು ತಾಸು ಆಚರಿಸಿದರೆ ನಷ್ಟವಿಲ್ಲ.

ಹಾಗಾದರೆ ಮಕ್ಕಳನ್ನು ನೀರಿಗೇ ಬಿಡಬಾರದೆ? 'ಬಾವಿಗಿ ಹೋಗಬ್ಯಾಡ' ಎಂಬ ಮಾತು ಮೂರು ತಲೆಮಾರಿನಿಂದ ನಡೆದು ಬಂದಿದೆ. ಅದನ್ನು ಕೇಳಿದವರು ಯಾರೂ ಇಲ್ಲ. ಬೈದರೆ ಹುಡುಗ ಹೋಗುವುದು ನಿಲ್ಲಿಸುವುದಿಲ್ಲ, ಹೇಳಿ ಹೋಗುವುದನ್ನು ನಿಲ್ಲಿಸುತ್ತಾನೆ. ಅವನು ಎಲ್ಲಿದ್ದಾನೆಂದು ಯಾರಿಗೂ ತಿಳಿಯದಿರುವುದೇ ದೊಡ್ಡ ಅಪಾಯ. ಮಕ್ಕಳ ಟ್ರಯಥ್ಲಾನ್ ಎಂಬ ಗುರಿ ಊರಿಗೆ ಉಪಯೋಗವಾಗುವುದು ಇಲ್ಲೇ. ಕದ್ದು ಮಾಡುವ ಕೆಲಸವನ್ನು ಅದು ಎಲ್ಲರ ಕಣ್ಣೆದುರಿಗೆ ತರುತ್ತದೆ.

ಮೊದಲ ವರ್ಷ ಎರಡೇ ಆಟ

ಅವಸರ ಬೇಡ. ಮೊದಲ ವರ್ಷ ಈಜನ್ನು ಸ್ಪರ್ಧೆಗೆ ಸೇರಿಸಲೇಬಾರದು. ಓಟ-ಸೈಕಲ್-ಓಟ ಎಂಬ ಕ್ರಮದಲ್ಲಿ ನಡೆಯುವ ಡುವಥ್ಲಾನ್ ಎಂಬ ಆಟ ಇದೆ, ಅದಕ್ಕೂ ಅಂತಾರಾಷ್ಟ್ರೀಯ ಮಾನ್ಯತೆ ಇದೆ. ವಾಗದರಿಯ ಪರಮೇಶ್ವರ ಜಾತ್ರೆಯಂಥ ಸಂದರ್ಭದಲ್ಲಿ, ಇಲ್ಲವೇ ಜನವರಿ 26ರಂದು ಝೆಂಡಾವಂದನ ಮುಗಿದ ಮೇಲೆ, ವಾಹನ ನಿಲ್ಲಿಸಿದ ಊರೊಳಗಿನ ರಸ್ತೆಯಲ್ಲಿ ಇದನ್ನು ನಡೆಸಬಹುದು. ಬೇಕಾಗುವುದು ಸುಣ್ಣದ ಗೆರೆ, ಎದೆಗೆ ಹಚ್ಚುವ ನಂಬರು, ತಿರುವಿಗೆ ಒಬ್ಬ ಸ್ವಯಂಸೇವಕ, ಕುಡಿಯುವ ನೀರು, ಒಂದು ಔಷಧದ ಪೆಟ್ಟಿಗೆ.

ಅದೇ ವರ್ಷ ಬೇಸಿಗೆಯಲ್ಲಿ ಈಜು ಕಲಿಸುವುದನ್ನು ಬೇರೆಯಾಗಿ ಶುರು ಮಾಡಬೇಕು. ಜಾಗ ಆರಿಸುವುದರಲ್ಲಿ ಹುಂಬತನ ಬೇಡ. ಧರಣದ ಹಿನ್ನೀರು ಬೇಡ, ಶೇತತಳೆ ಅಂತೂ ಬೇಡವೇ ಬೇಡ. ತಳ ಕಾಣುವ, ಮಕ್ಕಳ ಎದೆಮಟ್ಟದ ನೀರು ಇರುವ ಕೊಳವೇ ಆಗಬೇಕು. ಸೋಲಾಪುರದಲ್ಲಿ ಮಹಾನಗರಪಾಲಿಕೆಯ ಮಾರ್ಕಂಡೇಯ ಈಜುಕೊಳದಂಥ ವ್ಯವಸ್ಥೆ ಇದೆ. ಅಕ್ಕಲಕೋಟದಿಂದ ಸೋಲಾಪುರ 40 ಕಿ.ಮೀ. ಒಳಗೆ. ನಾಲ್ಕೈದು ಹಳ್ಳಿಗಳ ಶಾಲೆಗಳು ಸೇರಿ ವಾರಕ್ಕೆ ಎರಡು ದಿನ ಒಂದು ವಾಹನ ಗೊತ್ತು ಮಾಡಿದರೆ ತಲಾ ಖರ್ಚು ಇಳಿಯುತ್ತದೆ. ಮಗುವಿಗೊಂದು ಮೊಬೈಲ್ ರಿಚಾರ್ಜ್ ಮಾಡಿಸುವ ಪಾಲಕರಿಗೆ ಇದು ಭಾರವೇನಲ್ಲ.

ಕಲಿಸುವ ಕ್ರಮವೂ ಗೊತ್ತಿದ್ದದ್ದೇ. ಮೊದಲ ದಿನ ಕೈಕಾಲು ಬಡಿಯುವುದಲ್ಲ. ಮುಖ ನೀರಿನಲ್ಲಿ ಇಟ್ಟು ಬಾಯಿಂದ ಗುಳ್ಳೆ ಬಿಡುವುದು. ಆಮೇಲೆ ಬೆನ್ನ ಮೇಲೆ ಅಂಗಾತ ತೇಲುವುದು. ಇದು ಬಂದರೆ ಅರ್ಧ ಜೀವ ಉಳಿದಂತೆ, ಸೋತಾಗ ತೇಲುತ್ತ ಕೂಗಬಹುದು. ಬಳಿಕ ಅಂಚು ಹಿಡಿದು ಕಾಲು ಬಡಿಯುವುದು, ನಂತರ ಕೈ, ಆಮೇಲೆ ಉಸಿರಿನ ತಾಳ. ನಿಲ್ಲದೆ 25 ಮೀಟರ್ ಈಜಿ, ಎರಡು ನಿಮಿಷ ತೇಲಿ, ತಾನೇ ಅಂಚು ಹಿಡಿದು ಮೇಲೆ ಹತ್ತಿ ಬರುವ ಮಗುವಿನ ಹೆಸರನ್ನು ಮಾತ್ರ ಮುಂದಿನ ವರ್ಷದ ಟ್ರಯಥ್ಲಾನ್ ಯಾದಿಗೆ ಹಾಕಬೇಕು. ಯಾರ ಮಗ, ಯಾರ ಮೊಮ್ಮಗ ಎಂದು ನೋಡಿ ಸಡಿಲಿಸಬಾರದು.

ಇದರ ಜತೆಗೇ ಕಲಿಸಬೇಕಾದ್ದು ಇನ್ನೊಂದು. ಗೆಳೆಯ ಮುಳುಗುತ್ತಿದ್ದರೆ ಹಿಂದೆ ಹಾರಬೇಡ. ಮೊದಲು ಕೂಗು. ಹಗ್ಗ, ಧೋತರ, ಸೀರೆ, ಉದ್ದನೆಯ ಬಿದಿರು ಏನು ಸಿಕ್ಕರೂ ಚಾಚು. ಎಣ್ಣೆಯ ಖಾಲಿ ಡಬ್ಬಿಗೆ ಮುಚ್ಚಳ ಬಿಗಿದು ಎಸೆದರೂ ಅದು ಒಬ್ಬನನ್ನು ತೇಲಿಸುತ್ತದೆ. ಮೇಲೆ ತಂದ ಮೇಲೆ ತಲೆಕೆಳಗು ಮಾಡಿ ತಿರುಗಿಸುವುದು, ಹೊಟ್ಟೆ ಒತ್ತಿ ನೀರು ಕಕ್ಕಿಸುವುದು ಹಳ್ಳಿಗಳಲ್ಲಿ ಇಂದಿಗೂ ನಡೆದಿದೆ. ಅದರಿಂದ ಕೆಡುಕೇ ಹೆಚ್ಚು. ಉಸಿರು ನಿಂತಿದ್ದರೆ ಬಾಯಿಗೆ ಬಾಯಿ ಇಟ್ಟು ಉಸಿರು ಕೊಡಬೇಕು, ಎದೆಯ ನಡುವೆ ಒತ್ತಬೇಕು, 108ಕ್ಕೆ ಕರೆ ಮಾಡಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು ಶಾಲೆಗೆ ಬಂದು ಒಂದು ತಾಸು ತೋರಿಸಿದರೆ ಮಕ್ಕಳು ಮರೆಯುವುದಿಲ್ಲ, ಮನೆಯವರಿಗೂ ಕಲಿಸುತ್ತಾರೆ.

ನೀರಿನಲ್ಲಿ ಭಾಷಾಂತರಕ್ಕೆ ಸಮಯವಿಲ್ಲ

ಗಡಿ ಭಾಗಕ್ಕೆ ಮಾತ್ರ ಸೇರಿದ ತೊಡಕು ಒಂದಿದೆ. ಮಹಾರಾಷ್ಟ್ರದ ಬಾಲಭಾರತಿ ಎಂಟು ಭಾಷೆಗಳಲ್ಲಿ ಪಠ್ಯಪುಸ್ತಕ ಅಚ್ಚು ಹಾಕುತ್ತದೆ, ಅದರಲ್ಲಿ ಕನ್ನಡವೂ ಒಂದು. ಗಣಿತ, ವಿಜ್ಞಾನ ಕನ್ನಡದಲ್ಲಿ ಸಿಗುತ್ತದೆ. ಆದರೆ ಆಟದ ಮೈದಾನದ ಸೂಚನೆ, ಕ್ರೀಡಾ ಇಲಾಖೆಯ ಪರಿಪತ್ರಕ, ಸ್ಪರ್ಧೆಯ ಅರ್ಜಿ ಇವೆಲ್ಲ ಮರಾಠಿಯಲ್ಲಿ ಬರುತ್ತವೆ. ಮಕ್ಕಳು ಮರಾಠಿ ಕಲಿಯಬೇಕು, ಕಲಿಯುತ್ತಲೂ ಇದ್ದಾರೆ. ಆಡಳಿತದ ಭಾಷೆ ಬಂದರೆ ಅವರಿಗೇ ಲಾಭ. ಆದರೆ ಏಳು ವರ್ಷದ ಮಗು ಮೊದಲ ಸಲ ನೀರಿಗೆ ಇಳಿದಾಗ ಅಂಜಿಕೆಯಲ್ಲಿರುತ್ತದೆ. ಆಗ 'ಶ್ವಾಸ ಸೋಡ' ಎಂದರೆ ಏನೆಂದು ಯೋಚಿಸುತ್ತ ನಿಂತರೆ ನೀರು ಮೂಗಿಗೆ ಹೋಗಿರುತ್ತದೆ. 'ಉಸಿರ ಬಿಡು', 'ಕಾಲ ಬಡಿ', 'ದಂಡಿ ಹಿಡಿ' ಎಂದರೆ ತಟ್ಟನೆ ಮಾಡುತ್ತದೆ. ಇದರಲ್ಲಿ ಭಾಷಾಭಿಮಾನದ ಮಾತಿಲ್ಲ. ಮರಾಠಿ ಮನೆಯ ಮಗುವಿಗೆ ಮರಾಠಿಯಲ್ಲಿ, ಕನ್ನಡ ಮನೆಯ ಮಗುವಿಗೆ ಕನ್ನಡದಲ್ಲಿ ಹೇಳುವವರು ಕೊಳದ ದಂಡೆಯಲ್ಲಿ ನಿಂತಿರಬೇಕು ಅಷ್ಟೇ. ಎರಡೂ ಭಾಷೆ ಬಲ್ಲ ಯುವಕ ಯುವತಿಯರಿಗೆ ಈ ತಾಲೂಕಿನಲ್ಲಿ ಕೊರತೆಯೇ?

ಅದೇ ರೀತಿ ಕಾಗದಪತ್ರದ ಕೆಲಸವನ್ನೂ ಶಾಲೆಯ ಒಬ್ಬ ಗುರುಗಳು ವಹಿಸಿಕೊಳ್ಳಬೇಕು. ಮಹಾರಾಷ್ಟ್ರದಲ್ಲಿ ಸರಕಾರಿ ನೌಕರಿಗೆ ಆಟಗಾರರಿಗೆ ಶೇ. 5 ಮೀಸಲಾತಿ ಇದೆ. ಹತ್ತನೇ, ಹನ್ನೆರಡನೇ ಪರೀಕ್ಷೆಯಲ್ಲಿ ಮೇಲಿನ ಮಟ್ಟದ ಆಟಗಾರರಿಗೆ ಹೆಚ್ಚುವರಿ ಅಂಕವೂ ಇದೆ. ಅರ್ಜಿ ತುಂಬದೆ, ದಿನಾಂಕ ಗೊತ್ತಾಗದೆ ಹಿಂದುಳಿಯುವ ಮಗು ಕಾಲಲ್ಲಿ ಬಲವಿಲ್ಲದೆ ಹಿಂದುಳಿದದ್ದಲ್ಲ. ಎರಡು ರಾಜ್ಯಗಳ ಗಡಿ ತಕರಾರು 2004ರಿಂದ ಸುಪ್ರೀಂ ಕೋರ್ಟಿನಲ್ಲಿದೆ. ತೀರ್ಪು ಬಂದಾಗ ಬರಲಿ. ಎಂಟು ವರ್ಷದ ಮಗುವಿಗೆ ಅಲ್ಲಿಯವರೆಗೆ ಕಾಯಲು ಆಗುವುದಿಲ್ಲ, ಅದು ಬೆಳೆಯುತ್ತಿರುತ್ತದೆ.

ಹೆಣ್ಣುಮಕ್ಕಳ ಪಾಲು

ಬಾವಿಯ ಈಜಿನಲ್ಲಿ ಹೆಣ್ಣುಮಕ್ಕಳಿಗೆ ಎಂದೂ ಪಾಲಿರಲಿಲ್ಲ. ಹೊಲಕ್ಕೆ ಬುತ್ತಿ ಒಯ್ಯುವವಳು, ಬಂಧಾರೆಯ ಮೇಲೆ ಬಟ್ಟೆ ಒಗೆಯುವವಳು, ಎಮ್ಮೆಗೆ ನೀರು ಕುಡಿಸುವವಳು ಆಕೆ. ನೀರಿನ ಹತ್ತಿರವೇ ದಿನ ಕಳೆದರೂ ಈಜು ಮಾತ್ರ ಬರುವುದಿಲ್ಲ. ಕಾಲು ಜಾರಿದರೆ ಆಕೆಗೆ ಯಾವ ಆಸರೆಯೂ ಇಲ್ಲ.

2025ರ ಜನವರಿಯಲ್ಲಿ ಉತ್ತರಾಖಂಡದ ಹಲ್ದ್ವಾನಿಯಲ್ಲಿ ನಡೆದ 38ನೇ ರಾಷ್ಟ್ರೀಯ ಕ್ರೀಡಾಕೂಟದ ಟ್ರಯಥ್ಲಾನ್‌ನಲ್ಲಿ ಮಹಿಳೆಯರ ಚಿನ್ನ ಗೆದ್ದವರು ಮಹಾರಾಷ್ಟ್ರದ ಡಾಲಿ ಪಾಟೀಲ, ಬೆಳ್ಳಿ ಗೆದ್ದವರು ಮಹಾರಾಷ್ಟ್ರದವರೇ ಆದ ಮಾನಸಿ ಮೋಹಿತೆ. ಅಂದರೆ ಅಕ್ಕಲಕೋಟದ ಹುಡುಗಿ ಯಾವ ರಾಜ್ಯದ ಹೆಸರಿನಲ್ಲಿ ಆಡಬೇಕೋ ಆ ರಾಜ್ಯದಲ್ಲೇ ಈ ಆಟದ ದಾರಿ ಬಿದ್ದಿದೆ. ಆ ದಾರಿಗೆ ಹಳ್ಳಿಯಿಂದ ಒಂದು ಕಾಲುದಾರಿ ಬೇಕು. ಅದಕ್ಕೆ ಕಲಿಸಲು ಒಬ್ಬ ಮಹಿಳೆ ಇರಬೇಕು, ಬಟ್ಟೆ ಬದಲಿಸಲು ಮುಚ್ಚಿದ ಕೋಣೆ ಇರಬೇಕು, ಹುಡುಗಿಯರಿಗೆ ಬೇರೆ ಹೊತ್ತು ಇರಬೇಕು. ಮೊಣಕಾಲು ದಾಟುವ, ತೋಳು ಮುಚ್ಚುವ ಈಜುಡುಪು ಪೇಟೆಯಲ್ಲಿ ಸಿಗುತ್ತದೆ. 'ಮಂದಿ ಏನಂತಾರ' ಎಂಬ ಪ್ರಶ್ನೆಗೆ ಊರಿನ ಅಕ್ಕ-ಅಮ್ಮಂದಿರು ಕೊಳದ ದಂಡೆಗೆ ಬಂದು ಕೂತರೆ ಅದೇ ಉತ್ತರ.

ಪಾಲಕರಿಗೆ ಎರಡು ಮಾತು

ಮೊದಲ ಟ್ರಯಥ್ಲಾನ್ ಮುಗಿಸಿ ಬಂದ ಮಗುವನ್ನು 'ಎಷ್ಟನೇ ನಂಬರು?' ಎಂದು ಕೇಳುವ ಚಾಳಿ ಬಿಡಬೇಕು. ನೀರಿನಿಂದ ಎದ್ದು ಒದ್ದೆ ಕಾಲಿಗೆ ಬೂಟು ಏರಿಸುವುದು, ಹೆಲ್ಮೆಟ್ ಬಿಗಿಯುವುದು, ಸೈಕಲ್ ಇಳಿದಾಗ ಮರಗಟ್ಟಿದ ಕಾಲಿನಲ್ಲಿ ಓಡುವುದು ಇವೆಲ್ಲ ದೊಡ್ಡವರಿಗೂ ಗೊಂದಲ ತರುತ್ತವೆ. ಒಂದು ಆಟದಿಂದ ಇನ್ನೊಂದಕ್ಕೆ ಬದಲಾಗುವ ಈ ಜಾಗವನ್ನು ಆಟಗಾರರು ನಾಲ್ಕನೇ ಆಟ ಎಂದೇ ಕರೆಯುತ್ತಾರೆ. ಮನೆಯಂಗಳದಲ್ಲಿ ಇದನ್ನು ಹತ್ತು ಸಲ ಆಡಿಸಿದರೆ ಮಕ್ಕಳಿಗೆ ಮೋಜು, ರೂಢಿಯೂ ಆಗುತ್ತದೆ. ಅಪ್ಪ-ಅವ್ವ ಪಕ್ಕದಲ್ಲಿ ಓಡುತ್ತ ಕೂಗಾಡುವುದು ಬೇಡ. ಮಗು ನಡುವೆ ನಿಂತರೆ ನಿಲ್ಲಲಿ, ಅತ್ತರೆ ಅಳಲಿ. ಮುಂದಿನ ವರ್ಷ ಇದ್ದೇ ಇದೆ.

ತಾಲೀಮು ಬೆಳಗಿನ ಎಂಟರೊಳಗೆ ಮುಗಿಯಬೇಕು. ಸೋಲಾಪುರದ ಬಿಸಿಲು 42, 43 ಡಿಗ್ರಿ ದಾಟುವ ಬಿಸಿಲು, ಮಕ್ಕಳ ಮೈ ಬೇಗ ಕಾಯುತ್ತದೆ. ವಾರಕ್ಕೆ ಮೂರು-ನಾಲ್ಕು ದಿನ, ದಿನಕ್ಕೆ ಮುಕ್ಕಾಲು ತಾಸು ಸಾಕು, ನಡುವೆ ಬಿಡುವು ಇರಲಿ. ಡಬ್ಬಿಯ ಪುಡಿ, ಬಣ್ಣದ ಬಾಟಲಿ ಯಾವುದೂ ಬೇಡ. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಬೇಳೆ, ಬಾಳೆಹಣ್ಣು, ಉಪ್ಪು ಹಾಕಿದ ಮಜ್ಜಿಗೆ ಮನೆಯಲ್ಲೇ ಇವೆ. 'ಆಟ ಆಡಿದರೆ ಅಭ್ಯಾಸ ಕೆಡುತ್ತದೆ' ಎಂಬ ಅಂಜಿಕೆ ಇದ್ದವರು ಮಗು ಮೊಬೈಲ್ ಹಿಡಿದು ಕೂಡುವ ಹೊತ್ತನ್ನು ಒಂದು ವಾರ ಬರೆದಿಟ್ಟು ಲೆಕ್ಕ ಹಾಕಿ ನೋಡಲಿ. ತಾಲೀಮಿನ ಮುಕ್ಕಾಲು ತಾಸು ಅದರಲ್ಲೇ ಸಿಗುತ್ತದೆ.

ಯಾರು ಏನು ಮಾಡಬಹುದು

ಶೇತತಳೆ ಇರುವ ರೈತರು ಇಂದೇ ಮಾಡಬಹುದಾದ ಕೆಲಸ ಒಂದಿದೆ. ನಾಲ್ಕೂ ಮೂಲೆಗೆ ಗೂಟ ಹೊಡೆದು ಗಂಟು ಹಾಕಿದ ಹಗ್ಗ ನೀರಿನವರೆಗೆ ಇಳಿಬಿಡಬೇಕು. ಹಳೇ ಟೈರುಗಳನ್ನು ಸರಪಳಿಯಂತೆ ಕಟ್ಟಿ ಇಳಿಜಾರಿಗೆ ಹಾಕಿದರೆ ಅದೇ ಮೆಟ್ಟಿಲು. ಸುತ್ತ ಜಾಳಿ ಹಾಕಿಸಿದರೆ ಇನ್ನೂ ಒಳ್ಳೆಯದು. ಗ್ರಾಮಸಭೆಯಲ್ಲಿ ಸರಪಂಚರು ಈ ಮಾತು ಎತ್ತಿ, ಊರಿನಲ್ಲಿ ಎಷ್ಟು ಶೇತತಳೆಗಳಿಗೆ ಹಗ್ಗ ಇದೆ, ಎಷ್ಟಕ್ಕೆ ಇಲ್ಲ ಎಂದು ಗ್ರಾಮಸೇವಕರಿಂದ ಯಾದಿ ಮಾಡಿಸಬೇಕು. ಜಿಲ್ಲಾ ಪರಿಷತ್ ಶಾಲೆಗಳ, ಪ್ರೌಢಶಾಲೆಗಳ ಶಿಕ್ಷಕರು ಬೇಸಿಗೆ ರಜೆಗೆ ಮೊದಲೇ ಮಕ್ಕಳಿಗೆ ಈಜು ಬರುತ್ತದೋ ಇಲ್ಲವೋ ಎಂದು ಹಾಜರಿ ಪುಸ್ತಕದ ಪಕ್ಕ ಗುರುತು ಹಾಕಿಕೊಳ್ಳಬೇಕು. ಜಿಲ್ಲಾ ಕ್ರೀಡಾ ಅಧಿಕಾರಿಗಳು ವರ್ಷಕ್ಕೊಮ್ಮೆಯಾದರೂ ಈಜು ತರಬೇತುದಾರರನ್ನು ಗಡಿಯ ಹಳ್ಳಿಗಳಿಗೆ ಕಳಿಸಿ ಮಕ್ಕಳನ್ನು ಆರಿಸಬೇಕು. ಗಡಿಯಾಚೆ ಆಳಂದ, ಅಫಜಲಪುರ, ಇಂಡಿ ತಾಲೂಕುಗಳಲ್ಲಿ ಇರುವ ಬೀಗರು, ನೆಂಟರು ತಮ್ಮ ಊರಿನ ಸೈಕಲ್ ಪಟುಗಳನ್ನು ಒಂದು ದಿನ ಇತ್ತ ಕರೆತಂದರೆ ಮಕ್ಕಳಿಗೆ ಅದೇ ದೊಡ್ಡ ಪ್ರೋತ್ಸಾಹ. ಮದುವೆ-ಮುಂಜಿವೆಗೆ ಅಡ್ಡ ಬರದ ಗಡಿ ಆಟಕ್ಕೆ ಯಾಕೆ ಅಡ್ಡ ಬರಬೇಕು?

ಪದಕ ಬರಬಹುದು, ಬಾರದಿರಬಹುದು. ನೂರು ಮಕ್ಕಳು ಕಲಿತರೆ ಒಬ್ಬರೋ ಇಬ್ಬರೋ ಜಿಲ್ಲೆ, ರಾಜ್ಯ ಎಂದು ಮುಂದೆ ಹೋಗಬಹುದು. ಉಳಿದ ತೊಂಬತ್ತೆಂಟು ಮಕ್ಕಳಿಗೆ ಈಜು ಬರುತ್ತದೆ, ಹೆಲ್ಮೆಟ್ ಹಾಕುವ ರೂಢಿ ಬರುತ್ತದೆ, ಗೆಳೆಯ ಮುಳುಗುವಾಗ ಹಗ್ಗ ಎಸೆಯುವ ಬುದ್ಧಿ ಇರುತ್ತದೆ. ಇಷ್ಟಾದರೂ ಊರು ಗೆದ್ದಂತೆಯೇ.

ಬರುವ ಏಪ್ರಿಲ್‌ಗೂ ಪರೀಕ್ಷೆ ಮುಗಿಯುತ್ತದೆ, ಬಿಸಿಲು ಏರುತ್ತದೆ, ಹುಡುಗ ಸೈಕಲ್ ಹತ್ತುತ್ತಾನೆ. 'ಎಲ್ಲಿಗಿ ಹೊಂಟಿ?' ಎಂದು ಅವ್ವ ಕೇಳಿದಾಗ 'ಈಜಾಕ ಹೊಂಟೀನವ್ವಾ, ಸರ್ ಬಂದಾರ' ಎಂದು ಅವನು ನಿಜ ಹೇಳುವಂತಾಗಬೇಕು. ಅದಕ್ಕೆ ಹಿರಿಯರು ಈಗಿನಿಂದಲೇ ಹಗ್ಗದ ಇನ್ನೊಂದು ತುದಿ ಹಿಡಿಯಬೇಕು.